ಕಾಡಂಚಿನ ಹಿರಿಯರ ವಸತಿ: ಖಾನಾಪುರ ಮತ್ತು ಬೆಳಗಾವಿ

ಬುಡಕಟ್ಟು ಹಾಗೂ ಅರಣ್ಯವಾಸಿ ಸಮುದಾಯಗಳ ಹಿರಿಯರು ಕೈಕಾಲು ಸೋತ ಮೇಲೂ ತಾವು ಬಾಳಿದ ಊರಿನಲ್ಲಿ, ತಮ್ಮ ಮನೆಯಲ್ಲೇ ಇರಬೇಕಾದರೆ ಆ ಮನೆ ಹೇಗಿರಬೇಕು ಎಂಬುದು ಈ ಲೇಖನದ ವಿಷಯ. ಬೆಳಗಾವಿ ಜಿಲ್ಲೆಯಲ್ಲಿ ಈ ಪ್ರಶ್ನೆ ಹೆಚ್ಚು ಒತ್ತಿ ಬರುವುದು ಖಾನಾಪುರ ತಾಲ್ಲೂಕಿನಲ್ಲಿ. ಸಹ್ಯಾದ್ರಿಯ ಈ ಭಾಗದಲ್ಲಿ ಸಿದ್ದಿ, ಧನಗರ ಗೌಳಿ, ಕುಣಬಿ ಮೊದಲಾದವರ ಊರುಗಳೂ ವಾಡಗಳೂ ಕಾಡಿನ ಒಳಗೆ, ಕಾಡಿನ ಅಂಚಿನಲ್ಲಿ ಚದುರಿಕೊಂಡಿವೆ. ಖಾನಾಪುರ ಪೇಟೆಯಿಂದ ಸುಮಾರು 26 ಕಿ.ಮೀ. ದೂರದ ಬೆಳಗಾವಿ ನಗರ ಇವರಿಗೆ ದೊಡ್ಡಾಸ್ಪತ್ರೆಯ ಊರು, ಕಚೇರಿಗಳ ಊರು, ಮಕ್ಕಳು ದುಡಿಯಲು ಹೋದ ಊರು.

ಹೊಸ ಮನೆ ಕಟ್ಟಿಕೊಡುವ ಸರ್ಕಾರಿ ಯೋಜನೆಗಳು ಇಲ್ಲಿಗೂ ಬಂದಿವೆ. ಇರುವ ಮನೆಯನ್ನು ಮುಪ್ಪಿಗೆ ಹೊಂದಿಸಿಕೊಡುವ ಯೋಜನೆ ಮಾತ್ರ ಇಲ್ಲವೆಂದೇ ಹೇಳಬೇಕು. ಈ ಭಾಗದ ಹಿರಿಯರ ವಸತಿಯ ಕಗ್ಗಂಟು ಇರುವುದು ಅಲ್ಲಿ.

ಜನ ಮತ್ತು ಪಟ್ಟಿ

2011ರ ಜನಗಣತಿಯಂತೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 42.48 ಲಕ್ಷ, ಒಟ್ಟು ಜನಸಂಖ್ಯೆಯ ಶೇ. 6.95. ಅದೇ ಗಣತಿಯಲ್ಲಿ ರಾಜ್ಯದ ಶೇ. 9.5ರಷ್ಟು ಜನ 60 ವರ್ಷ ದಾಟಿದವರು. ಬೆಳಗಾವಿ ಜಿಲ್ಲೆಯ ಪರಿಶಿಷ್ಟ ಪಂಗಡದವರಲ್ಲಿ ಬಹುಪಾಲು ಬಯಲುಸೀಮೆಯ ನಾಯಕ, ವಾಲ್ಮೀಕಿ, ಬೇಡ ಜನ. ಕಾಡಂಚಿನವರ ಕಥೆ ಬೇರೆ.

ಪೋರ್ಚುಗೀಸರ ಕಾಲದ ಗೋವೆಗೆ ಗುಲಾಮರಾಗಿ ಬಂದು, ಘಟ್ಟ ಹತ್ತಿ ಕಾಡು ಸೇರಿದ ಆಫ್ರಿಕನ್ ಮೂಲದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಆದರೆ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಆ ಜಿಲ್ಲೆಯ ಹಳಿಯಾಳದಲ್ಲಿದ್ದ ಸಿದ್ದಿ ಪಟ್ಟಿಯ ಒಳಗೆ, ಗಡಿ ದಾಟಿ ಖಾನಾಪುರದಲ್ಲಿ ಮನೆ ಮಾಡಿದ ಅವನ ತಮ್ಮ ಪಟ್ಟಿಯ ಹೊರಗೆ! 2020ರ ತಿದ್ದುಪಡಿ ಕಾಯ್ದೆ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನೂ ಸೇರಿಸುವವರೆಗೆ ಈ ವಿಚಿತ್ರ ನಡೆದೇ ಇತ್ತು. ಇಂದು ಎಪ್ಪತ್ತು ದಾಟಿದ ಖಾನಾಪುರದ ಸಿದ್ದಿ ಅಜ್ಜಿಯೊಬ್ಬಳು ಮನೆ ಕಟ್ಟುವ, ಮಕ್ಕಳನ್ನು ಓದಿಸುವ ವಯಸ್ಸಿನಲ್ಲಿ ಪರಿಶಿಷ್ಟ ಪಂಗಡದ ಯಾವ ಸವಲತ್ತೂ ಪಡೆದವಳಲ್ಲ. ಅವಳ ಮನೆ ಇಂದು ಇರುವಂತೆ ಇರುವುದಕ್ಕೆ ಇದೂ ಒಂದು ಕಾರಣ. ಗೋವೆಯ ಕುಣಬಿಗಳು ಅದೇ 2003ರ ಕಾಯ್ದೆಯಿಂದ ಪಟ್ಟಿಗೆ ಸೇರಿದರು. ಘಟ್ಟದ ಮೇಲಿನ ಕುಣಬಿಗಳು ಸೇರಲಿಲ್ಲ. ಎಮ್ಮೆ ಸಾಕುತ್ತ ಕಾಡಿನಲ್ಲಿ ಬಾಳಿದ ಧನಗರ ಗೌಳಿಗಳನ್ನು ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆಯೂ ಬೇಡಿಕೆಯಾಗಿಯೇ ಉಳಿದಿದೆ. ಪಟ್ಟಿಯ ಗೆರೆ ಎಲ್ಲೇ ಬೀಳಲಿ, ಕಾಡೂ ಮಳೆಯೂ ಮಂಡಿನೋವೂ ಮೂವರಿಗೂ ಒಂದೇ. ಆದ್ದರಿಂದ ಈ ಲೇಖನ ಮೂವರನ್ನೂ ಒಟ್ಟಿಗೆ ನೋಡುತ್ತದೆ.

ಈ ಜನರಿಗೆ ಮನೆ ಬರೀ ಗೋಡೆ-ಸೂರು ಅಲ್ಲವೆಂಬುದನ್ನು ವಸತಿ ಇಲಾಖೆಯ ನಕ್ಷೆಗಳು ಗಮನಿಸಿದಂತಿಲ್ಲ. ಸಿದ್ದಿಗಳು ತೀರಿಕೊಂಡ ಹಿರಿಯರನ್ನು ತೆಂಗಿನಕಾಯಿಯ ರೂಪದಲ್ಲಿ ಮನೆಯೊಳಗೇ ಇಟ್ಟು ಪೂಜಿಸುತ್ತಾರೆ; ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಬಂಧುಗಳು ಆ ಪೂಜೆಗೆ ಸೇರುವುದುಂಟು. ಅಂಥ ಮನೆಯ ಮುದುಕ ಮನೆ ಬದಲಿಸಿದರೆ ಸಾಮಾನು ಸಾಗಿಸಿದಷ್ಟಕ್ಕೆ ಮುಗಿಯುವುದಿಲ್ಲ. ಗೌಳಿಗಳ ಹಳೆಯ ಮನೆಯಲ್ಲಿ ಎಮ್ಮೆಗೂ ಮನುಷ್ಯರಿಗೂ ಒಂದೇ ಸೂರು. ರಾತ್ರಿ ಎಮ್ಮೆ ಮಗ್ಗುಲು ಬದಲಿಸಿದ್ದು ಹಾಸಿಗೆಯಲ್ಲಿದ್ದ ಅಜ್ಜನಿಗೆ ಗೊತ್ತಾಗುತ್ತದೆ. ಮೇಯಿಸಲು ಹೋಗಲಾಗದ ವಯಸ್ಸಿನಲ್ಲೂ ಕರು ನೋಡಿಕೊಳ್ಳುವ, ಹಾಲು ಕಾಯಿಸುವ ಕೆಲಸ ಮನೆಯಲ್ಲೇ ಸಿಗುತ್ತದೆ. ಕೊಟ್ಟಿಗೆಯನ್ನು ನೂರು ಹೆಜ್ಜೆ ದೂರ ಇಡುವ ನಕ್ಷೆ ನೈರ್ಮಲ್ಯಕ್ಕೆ ಒಳ್ಳೆಯದಿರಬಹುದು. ಅಜ್ಜನ ಕೈಯ ಕೆಲಸ ಮಾತ್ರ ಅದರಿಂದ ಹೋಗುತ್ತದೆ.

ಮಳೆಯ ನಾಡಿನ ಮನೆ

ಖಾನಾಪುರದ ಪೂರ್ವಕ್ಕೆ ಹೋದಂತೆ ಬಯಲು, ಪಶ್ಚಿಮಕ್ಕೆ ಹೋದಂತೆ ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಜಾಂಬೋಟಿ, ಭೀಮಗಡದ ಸುತ್ತಲಿನ ಊರುಗಳು ರಾಜ್ಯದ ಅತಿ ಹೆಚ್ಚು ಮಳೆಯ ಸೀಮೆಗೆ ಸೇರಿದವು. ಆಮಗಾಂವ್‌ನಲ್ಲಿ 2010ರ ಒಂದೇ ವರ್ಷ 10,000 ಮಿ.ಮೀ. ದಾಟಿ ಮಳೆ ಸುರಿದ ದಾಖಲೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಪಾಚಿ, ಕಟ್ಟಿಗೆಗೆ ಬೂಸ್ಟು, ಹೊದಿಕೆಗೆ ತೇವ. ಮುದುಕರು ಜಾರುವುದು, ಕೆಮ್ಮುವುದು, ಮನೆಯಲ್ಲೇ ಸಿಕ್ಕಿಬೀಳುವುದು ಈ ನಾಲ್ಕು ತಿಂಗಳಲ್ಲೇ ಹೆಚ್ಚು. ಆದ್ದರಿಂದ ಇಲ್ಲಿ ಹಿರಿಯಸ್ನೇಹಿ ಮನೆ ಎಂದರೆ ಮೊದಲು ಮಳೆ ತಡೆಯುವ ಮನೆ.

ಹಳೆಯ ಮನೆ ಇದನ್ನು ಚೆನ್ನಾಗಿಯೇ ಬಲ್ಲದು. ಕಾರವಿ ಕಡ್ಡಿ ಅಥವಾ ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಇಲ್ಲವೇ ಜಂಬಿಟ್ಟಿಗೆ ಕಲ್ಲಿನ ಗೋಡೆ. ಕಡಿದಾದ ಇಳಿಜಾರಿನ ಸೂರು, ಗೋಡೆ ನೆನೆಯದಂತೆ ಮುಂದಕ್ಕೆ ಚಾಚಿದ ಮಾಡು, ಮುಂದೆ ಕಟ್ಟೆ, ಎತ್ತರದ ಬುನಾದಿ. ಹುಲ್ಲು ಹೋಗಿ ಹಂಚು ಬಂದದ್ದು ಖಾನಾಪುರದಲ್ಲಿ ಸುಲಭವೇ ಆಗಿತ್ತು. ಇಲ್ಲಿಯ ಜೇಡಿಮಣ್ಣು ಹಂಚು, ಇಟ್ಟಿಗೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯನ್ನು ಇದೇ ಊರಿನಲ್ಲಿ ನಡೆಸುತ್ತ ಬಂದಿದೆ. ಪರಿಸರಕ್ಕೆ ಹಗುರವಾದ ಮನೆ ಕಟ್ಟಬೇಕೆನ್ನುವವರು ಸಾಮಗ್ರಿಗಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಹಂಚಿನ ಮಾಡು ಮುಂದಕ್ಕೆ ಚಾಚಿದ್ದರೆ ಆ ಇಟ್ಟಿಗೆ ಈ ಮಳೆಗೂ ನಿಲ್ಲುತ್ತದೆ; ಮಾಡು ಕುಗ್ಗಿಸಿದರೆ ನಿಲ್ಲುವುದು ಕಷ್ಟ.

ಹಳೆಯ ಮನೆಯನ್ನು ಹೊಗಳುತ್ತ ಹೋದರೆ ಅದರ ಕಷ್ಟ ಮರೆತಂತಾಗುತ್ತದೆ. ಸೆಗಣಿ ಸಾರಿಸಿದ ನೆಲ ಒಣಗಿದಾಗ ಜಾರುವುದಿಲ್ಲ, ಬರಿಗಾಲಿಗೆ ಬೆಚ್ಚಗಿರುತ್ತದೆ. ಅದನ್ನು ಮತ್ತೆ ಮತ್ತೆ ಸಾರಿಸುವವರು ಯಾರು? ಬಗ್ಗಲಾಗದ ಅಜ್ಜಿಯೇ. ಹಂಚಿನ ಸೂರನ್ನು ಪ್ರತಿವರ್ಷ ಮಳೆಗೆ ಮುಂಚೆ ಯಾರಾದರೂ ಹತ್ತಿ ನೋಡಬೇಕು, ಒಡೆದ ಹಂಚು ತೆಗೆದು ಬೇರೆ ಹೊದಿಸಬೇಕು, ಹುಳು ತಿಂದ ರೀಪು ಬದಲಿಸಬೇಕು. ಮಂಗಗಳ ಹಾವಳಿಯಂತೂ ಹೇಳುವುದೇ ಬೇಡ. ಹತ್ತುವ ಹುಡುಗರು ಗೋವೆಯಲ್ಲಿ, ಬೆಳಗಾವಿಯಲ್ಲಿ ದುಡಿಯುತ್ತಿದ್ದಾರೆ. ಹೀಗಾಗಿ ಒಂಟಿ ಮುದುಕರ ಮನೆಗಳ ಮೇಲೆ ಮೊದಲು ಪ್ಲಾಸ್ಟಿಕ್ ತಾಡಪಾಲು, ಆಮೇಲೆ ತಗಡು ಬರುತ್ತದೆ. ತಗಡು ಮಂಗನಿಗೆ ಜಗ್ಗುವುದಿಲ್ಲ, ಆದರೆ ಬೇಸಿಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳದಷ್ಟು ಸದ್ದು ಮಾಡುತ್ತದೆ. ಕಿವಿ ಮಂದವಾದವರಿಗೆ ನಾಲ್ಕು ತಿಂಗಳು ಮಾತೇ ನಿಂತಂತೆ. ತಗಡಿನ ಕೆಳಗೆ ಬಿದಿರಿನ ಚಾಪೆಯೋ ಹಲಗೆಯೋ ಹೊದಿಸಿದರೆ ಎರಡೂ ತೊಂದರೆ ಅರ್ಧಕ್ಕೆ ಇಳಿಯುತ್ತವೆ. ಇದನ್ನು ಮಾಡಲು ಎಂಜಿನಿಯರರು ಬೇಕಿಲ್ಲ.

ಮಣ್ಣಿನ ಗೋಡೆಗೆ ದೊಡ್ಡ ಅಪಾಯ ನಿಂತ ನೀರು. 2019ರ ಆಗಸ್ಟ್ ಮಳೆಗೆ ಬೆಳಗಾವಿ ಜಿಲ್ಲೆಯಲ್ಲಿ ಮನೆಗಳು ಸಾಲುಸಾಲಾಗಿ ಕುಸಿದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಬೀಳುವ ಮುಂಚೆ ಗೋಡೆಯ ಬುಡಕ್ಕೆ ಎರಡು ಅಡಿ ಜಂಬಿಟ್ಟಿಗೆ ಕಲ್ಲು ಕಟ್ಟಿಸಿ ಸುತ್ತ ಚರಂಡಿ ತೋಡಿಸಲು ಅದರ ಒಂದು ಸಣ್ಣ ಪಾಲು ಸಾಕಾಗುತ್ತಿತ್ತು. ಬೀಳದ ಮನೆಗೆ ಪರಿಹಾರ ಕೊಡುವ ಪದ್ಧತಿ ಇಲ್ಲ.

ಮೆಟ್ಟಿಲು, ಬಚ್ಚಲ, ಸಂಡಾಸ

ಅರವತ್ತೈದು ದಾಟಿದವರಲ್ಲಿ ವರ್ಷಕ್ಕೆ ಶೇ. 28ರಿಂದ 35ರಷ್ಟು ಜನ ಒಮ್ಮೆಯಾದರೂ ಬೀಳುತ್ತಾರೆ, ಎಪ್ಪತ್ತು ದಾಟಿದವರಲ್ಲಿ ಶೇ. 32ರಿಂದ 42ರಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳುತ್ತದೆ. ತೊಡೆಯ ಮೂಳೆ ಮುರಿದರೆ ಖಾನಾಪುರದ ಕಾಡಿನ ಊರಿನವರ ಪಾಲಿಗೆ ಅದು ಬೆಳಗಾವಿಯ ಆಸ್ಪತ್ರೆ, ಸಾಲ, ಮತ್ತೆ ಮರಳಿ ಬರಲಾಗದ ಮನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ, ಹಿಡಿಕೆ, ಅಗಲ ಬಾಗಿಲುಗಳನ್ನು ಹೇಳುತ್ತವೆ. ಆ ಅಳತೆಗಳನ್ನು ಹಾಗೆಯೇ ಗುಡ್ಡದ ಮನೆಗೆ ತರಲು ಹೋದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಗಾಲಿಕುರ್ಚಿಗೆ ಒಪ್ಪಿತ ಇಳಿಜಾರು 1:12, ಅಂದರೆ ಒಂದಡಿ ಏರಲು ಹನ್ನೆರಡು ಅಡಿ ಉದ್ದ. ಮಳೆಗೆ ಹೆದರಿ 60 ಸೆಂ.ಮೀ. ಎತ್ತರಿಸಿದ ಬುನಾದಿಗೆ 7.2 ಮೀಟರ್ ಉದ್ದದ ಇಳಿಜಾರು ಬೇಕು. ಸರ್ಕಾರಿ ಯೋಜನೆಯ 25 ಚದರ ಮೀಟರ್ ಮನೆಯ ಒಂದು ಬದಿಯೇ 5 ಮೀಟರ್! ಇಳಿಜಾರು ಮನೆಗಿಂತ ಉದ್ದವಾಯಿತು. ಮೇಲೆ ಸೂರಿಲ್ಲದಿದ್ದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಮೆಟ್ಟಿಲಿಗಿಂತ ಅಪಾಯ. ಇಲ್ಲಿಯ ಭೂಮಿಯೇ ಬೇರೆ ದಾರಿ ತೋರಿಸುತ್ತದೆ. ಮನೆ ಇಳಿಜಾರಿನಲ್ಲಿದ್ದರೆ ಮೇಲಿನ ಬದಿಯಲ್ಲಿ ನೆಲಮಟ್ಟ ಬುನಾದಿಗೆ ಹತ್ತಿರ ಬರುತ್ತದೆ. ಆ ಬದಿಗೆ ಒಂದು ಬಾಗಿಲು ತೆರೆದು, ಮೇಲಿನ ನೀರು ಒಳಗೆ ಬಾರದಂತೆ ಅಡ್ಡಚರಂಡಿ ತೋಡಿದರೆ ಇಳಿಜಾರು ಮೊಳದುದ್ದಕ್ಕೆ ಮುಗಿಯುತ್ತದೆ. ಹಾಗಾಗದ ಕಡೆ ಗಾಲಿಕುರ್ಚಿಯ ಆಸೆ ಬಿಟ್ಟು, 15 ಸೆಂ.ಮೀ. ಮೀರದ ಎತ್ತರದ, ಪಾದ ಪೂರ್ತಿ ಊರುವಷ್ಟು ಅಗಲದ ಮೆಟ್ಟಿಲು ಕಟ್ಟಿ, ಎರಡೂ ಬದಿಗೆ ಸೊಂಟದೆತ್ತರದ ಹಿಡಿಕೆ ಇಡುವುದು ಲೇಸು. ಈ ಊರುಗಳ ಕೆಸರುದಾರಿಯಲ್ಲಿ ಗಾಲಿಕುರ್ಚಿಗಿಂತ ಊರುಗೋಲೇ ಹೆಚ್ಚು ಓಡಾಡುತ್ತದೆ. ಹಿಡಿಕೆಗೆ ಹೊರಗೆ ಬಿದಿರು ಬೇಡ, ಎರಡು ಮಳೆಗಾಲದಲ್ಲಿ ಕೊಳೆಯುತ್ತದೆ. ಮತ್ತಿಯಂಥ ಗಟ್ಟಿಮರ ಅಥವಾ ನೀರಿನ ಪೈಪು ಆಗುತ್ತದೆ.

ಹೊಸ್ತಿಲನ್ನು ಕಿತ್ತುಹಾಕಿ ಎಂಬ ಸಲಹೆ ಕೈಪಿಡಿಗಳಲ್ಲಿ ಸಾಮಾನ್ಯ. ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಯಾವ ಅಜ್ಜಿಯೂ ಕೀಳಲು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಒಳಗೂ ಹೊರಗೂ ನೆಲವನ್ನು ಸ್ವಲ್ಪ ಏರಿಸಿ ಹೊಸ್ತಿಲ ಮಟ್ಟಕ್ಕೆ ತಂದರೆ ಎಡವುವುದು ತಪ್ಪುತ್ತದೆ, ಪೂಜೆಯೂ ಉಳಿಯುತ್ತದೆ. ಮೆಟ್ಟಿಲಂಚಿಗೆ ಶೇಡಿಯ ಬಿಳಿ ಗೆರೆ ಎಳೆಯುವ ಹಳೆಯ ರೂಢಿ ಕಣ್ಣಿಗೆ ಪೊರೆ ಬಂದವರಿಗೆ ದೊಡ್ಡ ಉಪಕಾರ. ಹಂಚಿನ ಸೂರಿಗೆ ಎರಡು ಗಾಜಿನ ಹಂಚು ಹಾಕುವುದೂ ಹಾಗೆಯೇ. ಹಗಲಲ್ಲೂ ಕತ್ತಲೆ ಕವಿಯುವ ಆಷಾಢದಲ್ಲಿ ಒಲೆಯ ಮುಂದೆ ಬೆಳಕು ಬೀಳುತ್ತದೆ. ನೆಲಕ್ಕೆ ನುಣುಪಾದ ಟೈಲ್ಸು ಹಾಕಿಸುವುದು ಮಗ ದುಡಿದ ಗುರುತಾಗಿದೆ. ಒದ್ದೆ ಕಾಲಿಗೆ ಅದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ. ಪಾಲಿಶ್ ಮಾಡದ ಶಹಾಬಾದ ಪರಸಿ ಅಥವಾ ಒರಟಾಗಿ ಬಿಟ್ಟ ಸಿಮೆಂಟು ನೆಲ ಅದಕ್ಕಿಂತ ಉತ್ತಮ.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಡಾಸ. ಸ್ವಚ್ಛ ಭಾರತ ಅಭಿಯಾನದ 12,000 ರೂಪಾಯಿಯಲ್ಲಿ ಎದ್ದ ಕೋಣೆಗಳು ಹಿತ್ತಲ ಮೂಲೆಯಲ್ಲಿವೆ: ಕಿರಿದು, ಕತ್ತಲೆ, ಕುಕ್ಕರಗಾಲಿನ ಪೀಠ. ಮಂಡಿ ಸವೆದವರು ಕೂತರೆ ಏಳಲಾರರು. ರಾತ್ರಿ ಅಲ್ಲಿಗೆ ಹೋಗಬೇಕಾದರೆ ಮಳೆ, ಕೆಸರು. ಖಾನಾಪುರದ ಕಾಡಂಚಿನಲ್ಲಿ ಕರಡಿಯ ಭಯ ಬೇರೆ, ಅದು ಬರೀ ಭಯವೂ ಅಲ್ಲ, ಕರಡಿ ದಾಳಿಗಳು ಇಲ್ಲಿ ಆಗುತ್ತಲೇ ಇರುತ್ತವೆ. ರಾತ್ರಿ ಏಳುವುದನ್ನು ತಪ್ಪಿಸಲು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುವ ಮುದುಕಿಯರು ಉಂಟು. ಅದರಿಂದ ಬೇರೆ ಕಾಯಿಲೆ. ಸಂಡಾಸ ಮನೆಯ ಗೋಡೆಗೆ ಅಂಟಿರಬೇಕು, ಒಂದೇ ಸೂರಿನಡಿ ಹೋಗುವಂತಿರಬೇಕು, ಪೀಠ ನೆಲದಿಂದ 45ರಿಂದ 48 ಸೆಂ.ಮೀ. ಎತ್ತರ ಇರಬೇಕು, ಪಕ್ಕದ ಗೋಡೆಗೆ ಹಿಡಿಕೆ ಇರಬೇಕು. ಮನೆಯೊಳಗೆ ಸಂಡಾಸವೇ ಎಂದು ಮೂಗು ಮುರಿಯುವ ಹಿರಿಯರಿಗೆ ಪಡಸಾಲೆಯ ಕೊನೆಗೆ ಹೊಂದಿಸಿದರೆ ಒಪ್ಪಿಗೆಯಾಗುವುದುಂಟು. ಗುಂಡಿಯ ವಿಷಯದಲ್ಲಿ ಇಲ್ಲಿಯ ಗವಂಡಿಗಳು ತಿಳಿದಷ್ಟು ನಕ್ಷೆ ಬರೆದವರು ತಿಳಿದಿಲ್ಲ: ಅಂತರ್ಜಲ ಮೇಲೆದ್ದು ಬರುವ ಶ್ರಾವಣದಲ್ಲಿ ಸಾಮಾನ್ಯ ಇಂಗುಗುಂಡಿ ತುಂಬಿ ಹಿಂದಕ್ಕೆ ಉಕ್ಕುತ್ತದೆ. ಎರಡು ಗುಂಡಿಗಳನ್ನು ನೆಲದಿಂದ ಎತ್ತರಿಸಿ, ಕುಡಿಯುವ ಬಾವಿಯಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಕಟ್ಟಬೇಕು.

ಬಚ್ಚಲದಲ್ಲಿ ಮಣೆಯ ಬದಲು ಗೋಡೆಗೆ ಸೇರಿಸಿ ಕಟ್ಟಿದ ಕಲ್ಲಿನ ಆಸನ ಸಾಕು. ಒಲೆಯ ಮಾತು ಇಷ್ಟು ಬೇಗ ಮುಗಿಯುವುದಿಲ್ಲ. ಹೊಗೆ ಶ್ವಾಸಕೋಶವನ್ನು ತಿನ್ನುತ್ತದೆ, ನಿಜ. ಅದೇ ಹೊಗೆ ಜಂತಿ, ತೊಲೆಗಳನ್ನು ಹುಳುವಿನಿಂದ ಕಾಯುತ್ತದೆ. ಅದೇ ಒಲೆಯ ಬೂದಿಯ ಬಿಸಿಗೆ ಅಜ್ಜ ಅಜ್ಜಿ ಚಳಿಗಾಲ ಕಳೆಯುತ್ತಾರೆ. ಅಡುಗೆಗೆ ಗ್ಯಾಸು ಬಂದ ಮನೆಗಳಲ್ಲೂ ನೀರೊಲೆ ಆರಿಲ್ಲ. ಒಲೆ ತೆಗೆಸುವುದಕ್ಕಿಂತ ಅದಕ್ಕೆ ಹೊಗೆಕೊಳವೆ ಹಾಕುವುದು ಬುದ್ಧಿವಂತಿಕೆ. ಅಸ್ತ್ರ ಒಲೆ ರೂಪಿಸಿದವರು ಕೊಟ್ಟದ್ದು ಅದನ್ನೇ.

ದುರಸ್ತಿಗೆ ಇಲ್ಲದ ಹಣ

2016ರ ನವೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಕನಿಷ್ಠ 25 ಚದರ ಮೀಟರ್ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ, ಗುಡ್ಡಗಾಡು ರಾಜ್ಯಗಳು ಮತ್ತು ದುರ್ಗಮ ಪ್ರದೇಶಗಳಲ್ಲಿ 1.30 ಲಕ್ಷ ರೂಪಾಯಿ ಕೊಡುತ್ತದೆ. ರಾಜ್ಯದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಸವ, ಅಂಬೇಡ್ಕರ್, ದೇವರಾಜ ಅರಸು ಹೆಸರಿನ ವಸತಿ ಯೋಜನೆಗಳೂ ಇವೆ. ಕೇಂದ್ರ ಯೋಜನೆಯ ಆದ್ಯತಾ ಪಟ್ಟಿಯಲ್ಲಿ 16ರಿಂದ 59 ವರ್ಷದೊಳಗಿನ ಯಾರೂ ಇಲ್ಲದ ಕುಟುಂಬಕ್ಕೆ ಹೆಚ್ಚಿನ ಅಂಕವಿದೆ. ಅಂದರೆ ಮುದುಕರಷ್ಟೇ ಇರುವ ಮನೆಗೆ ಮೊದಲ ಸರತಿ. ಕೇಳಲು ಚೆಂದ. ಆದರೆ ಹಣ ಕಂತಿನಲ್ಲಿ ಬರುತ್ತದೆ, ಪ್ರತಿ ಹಂತದ ಫೋಟೋ ಏರಿಸಬೇಕು, ಮುಂಗಡವಾಗಿ ಸಾಮಾನು ತರಿಸಬೇಕು, ಉದ್ಯೋಗ ಖಾತರಿಯ ಕೂಲಿ ಸಿಗಬೇಕಾದರೆ ದುಡಿಯಬೇಕು. ಅರ್ಹತೆ ಕೊಟ್ಟ ಕಾರಣವೇ ಕೆಲಸಕ್ಕೆ ಅಡ್ಡಿ: ದುಡಿಯುವ ಕೈ ಇಲ್ಲವೆಂದೇ ಮನೆ ಮಂಜೂರಾದದ್ದು, ಅದನ್ನು ಕಟ್ಟಲು ಬೇಕಾದದ್ದೂ ಅದೇ ಕೈ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಹಿಂದಿನ ಇಂದಿರಾ ಆವಾಸ್ ಯೋಜನೆಯಲ್ಲಿ ಕಚ್ಚಾ ಮನೆಯನ್ನು ಸುಧಾರಿಸಿಕೊಳ್ಳಲು 15,000 ರೂಪಾಯಿ ಕೊಡುವ ಅವಕಾಶವಿತ್ತು. ಸಣ್ಣ ಮೊತ್ತ, ಆದರೂ ಸೂರು ಬದಲಿಸಲು ಒಂದು ದಾರಿ. ಹೊಸ ಯೋಜನೆ ಅದನ್ನು ಕೈಬಿಟ್ಟು ಹೊಸ ಮನೆಗಳನ್ನಷ್ಟೇ ಲೆಕ್ಕ ಹಿಡಿಯಿತು. ಗೋಡೆ ಗಟ್ಟಿಯಿದ್ದು ಹಿಡಿಕೆ, ಸಂಡಾಸ, ಹಂಚು ಮಾತ್ರ ಬೇಕಾದ ಅಜ್ಜಿಗೆ ಈಗ ಎರಡೇ ದಾರಿ: ಇಡೀ ಮನೆ ಕೆಡವಿ ಹೊಸದಕ್ಕೆ ಕಾಯುವುದು, ಅಥವಾ ಇದ್ದಂತೆಯೇ ಇರುವುದು. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಮನೆ ದುರಸ್ತಿಯ ಮಾತೇ ಬರುವುದಿಲ್ಲ.

ದುರಸ್ತಿ ಎಷ್ಟು ಮುಖ್ಯ ಎಂಬುದಕ್ಕೆ ಜಗತ್ತಿನ ಅತ್ಯುತ್ತಮ ಪುರಾವೆ ಆಸ್ಟ್ರೇಲಿಯಾದ ಮರುಭೂಮಿಯಿಂದ ಬಂದಿದೆ. 1985ರಲ್ಲಿ ಅನಂಗು ಮೂಲನಿವಾಸಿಗಳ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಯಾಮಿ ಲೆಸ್ಟರ್ ಒಬ್ಬ ವಾಸ್ತುಶಿಲ್ಪಿ, ಒಬ್ಬ ವೈದ್ಯ, ಒಬ್ಬ ಪರಿಸರ ಆರೋಗ್ಯ ತಜ್ಞರನ್ನು ಕರೆಸಿ, ತಮ್ಮ ಜನ ಕಾಯಿಲೆ ಬೀಳುವುದನ್ನೇ ನಿಲ್ಲಿಸುವ ದಾರಿ ಹುಡುಕಲು ಹೇಳಿದರು. ಆ ವಾಸ್ತುಶಿಲ್ಪಿ ಪಾಲ್ ಫೊಲೆರೋಸ್. ಅವರ ತಂಡ ಮನೆಮನೆಗೆ ಹೋಗಿ ನಲ್ಲಿ, ಬಚ್ಚಲ, ವಿದ್ಯುತ್ ಪರೀಕ್ಷಿಸಿ ಅಂದೇ ಸರಿಪಡಿಸುವ ಪದ್ಧತಿ ಹುಟ್ಟುಹಾಕಿತು. ವರ್ಷಗಳ ಲೆಕ್ಕದಲ್ಲಿ ಕಂಡದ್ದು ಇಷ್ಟು: ದೋಷಗಳಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ನಿಯತ ದುರಸ್ತಿ ಇಲ್ಲದಿರುವುದೇ ಕಾರಣ, ಐದನೇ ಒಂದು ಪಾಲಿನಷ್ಟಕ್ಕೆ ಮೊದಲೇ ಕೆಟ್ಟದಾಗಿ ಕಟ್ಟಿದ್ದು ಕಾರಣ, ಮನೆಯವರು ಹಾಳುಮಾಡಿದ್ದು ಹತ್ತರಲ್ಲಿ ಒಂದರಷ್ಟು. ಬುಡಕಟ್ಟಿನವರಿಗೆ ಮನೆ ಕೊಟ್ಟರೆ ಉಳಿಸಿಕೊಳ್ಳುವುದಿಲ್ಲ ಎಂಬ ಮಾತು ನಮ್ಮ ಕಚೇರಿಗಳಲ್ಲೂ ಕೇಳಿಬರುತ್ತದೆ. ಹಾಗೆನ್ನುವವರು ಈ ಅಂಕಿಗಳನ್ನು ನೋಡಬೇಕು. ನ್ಯೂಜಿಲೆಂಡಿನ ಮಾವೊರಿಗಳು ಹಿರಿಯರ ಸಣ್ಣ ಮನೆಗಳನ್ನು ಸಮುದಾಯದ ಸಭಾಭವನದ ಪಕ್ಕದಲ್ಲೇ ಕಟ್ಟುವುದೂ ಗಮನಿಸತಕ್ಕದ್ದು. ಗೌಳಿವಾಡದ ಜೋಡಣೆ ಅದಕ್ಕೆ ದೂರದ್ದೇನಲ್ಲ.

ಸದ್ಯಕ್ಕೆ ಇರುವ ಸಣ್ಣ ದಾರಿಗಳು: ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ತೆಗೆದಿಡಬೇಕಾದ ಶೇ. 5ರ ಹಣ, ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು, ಮತ್ತು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ಹಿರಿಯರಿಗೆ ಉಚಿತವಾಗಿ ಸಿಗುವ ಊರುಗೋಲು, ವಾಕರ್, ಶ್ರವಣಯಂತ್ರ. ಮೊದಲನೆಯದರಿಂದ ಹಿಡಿಕೆ, ಎತ್ತರದ ಪೀಠ ಹಾಕಿಸಿಕೊಡಬಹುದು. ಬೀದಿದೀಪಕ್ಕೆ ಸಿಗುವ ಗಮನ ಇದಕ್ಕೆ ಸಿಗುವುದು ಅಪರೂಪ.

ಜಾಗದ ಹಕ್ಕು ಮತ್ತು ಸ್ಥಳಾಂತರ

ಯಾವ ಯೋಜನೆಗೂ ಮೊದಲು ಕೇಳುವುದು ಜಾಗದ ಕಾಗದ. ಕಾಡಿನೊಳಗಿನ ಊರುಗಳಲ್ಲಿ ಅದೇ ಕಷ್ಟ. 190 ಚದರ ಕಿ.ಮೀ.ಗಳ ಭೀಮಗಡ ವನ್ಯಜೀವಿಧಾಮ 2011ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಗವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ತಳೇವಾಡಿ, ಆಮಗಾಂವ್ ಮೊದಲಾದ ಊರುಗಳು ಅದರ ಒಳಗೇ ಉಳಿದವು. ರಸ್ತೆ, ಸೇತುವೆ, ವಿದ್ಯುತ್ತು ಎಲ್ಲಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. 2024ರ ಜುಲೈನಲ್ಲಿ ಆಮಗಾಂವ್‌ನಿಂದ ಕಾಯಿಲೆಯ ಹೆಂಗಸೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು, ಮಳೆಯಲ್ಲಿ ಕಿಲೋಮೀಟರುಗಟ್ಟಲೆ ನಡೆದು ಅಂಬ್ಯುಲೆನ್ಸ್ ಮುಟ್ಟಿಸಬೇಕಾಯಿತು. ಅವರು ಉಳಿಯಲಿಲ್ಲ. ಈ ಘಟನೆಯ ನಂತರ ಸ್ಥಳಾಂತರದ ಮಾತು ಬಲವಾಯಿತು. ಒಪ್ಪಿದ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತು, 2025ರ ಮೇ ತಿಂಗಳಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಾಗಿ ತಲಾ 10 ಲಕ್ಷ ಸಿಕ್ಕಿತು.

ಹೋಗಲು ಒಪ್ಪಿದವರನ್ನು ದೂರುವಂತಿಲ್ಲ. ರಸ್ತೆ ಇಲ್ಲದ ಊರಿನಲ್ಲಿ ಎಷ್ಟು ಒಳ್ಳೆಯ ಮನೆಯಿದ್ದರೂ ರಾತ್ರಿ ಎದೆನೋವು ಬಂದರೆ ಪ್ರಯೋಜನವಿಲ್ಲ. ಆದರೆ ಹಣ ಕುಟುಂಬದ ಹೆಸರಿಗೆ ಬರುತ್ತದೆ, ಅದರಲ್ಲಿ ಮುದುಕರ ಕೋಣೆಗೆ ಎಷ್ಟು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಮಗ ಪೇಟೆಯಂಚಿನಲ್ಲಿ ನಿವೇಶನ ಕೊಂಡಾಗ ಗುರುತಿನ ನೆರೆ, ನಾಟಿ ಔಷಧಿಯ ಕಾಡು, ಎಮ್ಮೆ ಮೂರೂ ಒಟ್ಟಿಗೆ ಕೈಬಿಡುತ್ತವೆ. ನಾಗರಹೊಳೆಯ ಅನುಭವ ಎಚ್ಚರಿಕೆಯಾಗಿ ನಮ್ಮ ಮುಂದಿದೆ. ಅಲ್ಲಿಂದ ಹೊರಬಂದ ಜೇನುಕುರುಬ ಮೊದಲಾದ ಕುಟುಂಬಗಳ ಸ್ಥಿತಿ ಕುರಿತು ಹೈಕೋರ್ಟ್ ನೇಮಿಸಿದ, ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟು 3,418 ಕುಟುಂಬಗಳಿಗೆ ಪುನರ್ವಸತಿ ಬಾಕಿ ಇದೆಯೆಂದಿತು. ತಳೇವಾಡಿಯವರು ಹೋಗುವ ಕಡೆ ಕನಿಷ್ಠ ಹಿರಿಯರ ಮನೆಗಳನ್ನಾದರೂ ಒಂದೇ ಓಣಿಯಲ್ಲಿ, ಆರೋಗ್ಯ ಕೇಂದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ಹೊಂದಿಸಬೇಕು. ಹಣ ಕೊಟ್ಟು ಕೈತೊಳೆದುಕೊಳ್ಳುವುದಲ್ಲ.

ಬೆಳಗಾವಿ ನಗರದಲ್ಲಿ

ನಗರದ ಮಾತು ಚಿಕ್ಕದು. ಖಾನಾಪುರದ ಕಾಡಂಚಿನ ಹಿರಿಯರು ಬೆಳಗಾವಿಗೆ ಬರುವುದು ಸಾಮಾನ್ಯವಾಗಿ ಬಿಮ್ಸ್ ಅಥವಾ ಕೆಎಲ್ಇ ಆಸ್ಪತ್ರೆಯ ದಾರಿಯಲ್ಲಿ. ಚಿಕಿತ್ಸೆ ಮುಗಿದ ಮೇಲೆ ಮಗನ ಬಾಡಿಗೆ ಕೋಣೆಯಲ್ಲಿ ಉಳಿಯುತ್ತಾರೆ. ಬಾಡಿಗೆ ಮನೆಯ ಗೋಡೆಗೆ ಹಿಡಿಕೆ ಕೊರೆಸಲು ಮಾಲೀಕರ ಒಪ್ಪಿಗೆ ಬೇಕು. ನಗರ ವಸತಿ ಯೋಜನೆಯ ಮಹಡಿ ಮನೆಗಳಲ್ಲಿ ಹಿರಿಯರಿಗೂ ವಿಕಲಚೇತನರಿಗೂ ನೆಲಮಹಡಿ ಅಥವಾ ಕೆಳಮಹಡಿ ಮೊದಲು ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಹಂಚಿಕೆ ಲಾಟರಿಯ ದಿನ ಅದನ್ನು ನೆನಪಿಸುವವರು ಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಜಾಗ ಪಡೆದ ಈ ನಗರದಲ್ಲಿ ಪಾದಚಾರಿ ದಾರಿಗಳು ಹೊಸದಾದವು, ಆದರೆ ಎಷ್ಟೋ ಕಡೆ ಅವುಗಳ ಅಂಚು ಮುದುಕರು ಹತ್ತಲಾರದಷ್ಟು ಎತ್ತರ. ಬಾಮನವಾಡಿಯ ಶಾಂತಾಯಿಯಂಥ ವೃದ್ಧಾಶ್ರಮಗಳು ನಗರದ ಒಂಟಿ ಹಿರಿಯರಿಗೆ ಆಸರೆಯಾಗಿವೆ. ಕೊಂಕಣಿ ಬೆರೆತ ಸಿದ್ದಿ ಮಾತು ಅಥವಾ ಗೌಳಿ ಮರಾಠಿ ಬಿಟ್ಟರೆ ಬೇರೆ ಬಾರದವರು ಅಂಥಲ್ಲಿ ಹೊಂದಿಕೊಳ್ಳುವುದು ಕಷ್ಟ. ಅವರಿಗೆ ಹೆಚ್ಚು ಬೇಕಾದದ್ದು ಮೂಳೆ ಕೂಡುವ ತನಕ ಜೊತೆಗೊಬ್ಬರೊಡನೆ ಇದ್ದು ಊರಿಗೆ ಮರಳಬಹುದಾದ, ಆಸ್ಪತ್ರೆಗೆ ಸಮೀಪದ ತಂಗುಮನೆ.

ಕೊನೆಗೆ, ಮತ್ತೆ ಕಾಡಿನ ಜಾಗದ ಹಕ್ಕಿಗೆ ಮರಳಿ, ಒಂದು ಕಾನೂನಿನ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸವನ್ನು, ಗೌಳಿ, ಕುಣಬಿಗಳಂಥ ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಅಷ್ಟು ಹಿಂದಿನ ಕಾಗದ ಕಾಡಿನ ಮನೆಗಳಲ್ಲಿ ಎಲ್ಲಿಂದ ಬರಬೇಕು? ಕಾಯ್ದೆಯ ನಿಯಮಗಳು ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದನ್ನೂ ಪುರಾವೆಯಾಗಿ ಒಪ್ಪುತ್ತವೆ. ಯಾರ ಮನೆ ಎಲ್ಲಿತ್ತು, ಯಾರ ಗದ್ದೆ ಯಾವುದು ಎಂದು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಖಾನಾಪುರದ ಗ್ರಾಮಸಭೆಗಳೂ ಅರಣ್ಯ ಹಕ್ಕು ಸಮಿತಿಗಳೂ ಈ ಹೇಳಿಕೆಗಳನ್ನು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಬರೆಸಿ, ಸಹಿ ಹಾಕಿಸಿ, ಪ್ರತಿ ತೆಗೆದಿಡಬೇಕು.